ಮನೆಮಂದಿಗೂ ಒಂದು ಡೇರೆ

ಬಾಲಚರ ಶಿಬಿರವೆಂದರೆ ನಮ್ಮಲ್ಲಿ ಹೆತ್ತವರ ಪಾಲಿಗೆ ಬರುವ ಕೆಲಸ ಇಷ್ಟೇ: ಒಪ್ಪಿಗೆ ಪತ್ರಕ್ಕೆ ರುಜು ಹಾಕುವುದು, ಚೀಲಕ್ಕೆ ತಿಂಡಿ ತುಂಬಿಸುವುದು, ಬಸ್ಸು ಹೊರಡುವಾಗ ಕೈಬೀಸುವುದು, ಆಮೇಲೆ ಮಗು ಮನೆ ಮುಟ್ಟುವ ತನಕ ನಿದ್ದೆಗೆಡುವುದು. ಬರುವ ಕ್ರಿಸ್‌ಮಸ್ ರಜೆಯ ಮೊದಲ ಶನಿವಾರ ಮಧ್ಯಾಹ್ನದಿಂದ ಆದಿತ್ಯವಾರ ಮಧ್ಯಾಹ್ನದ ತನಕ ನಮ್ಮ ಶಾಲೆಯ ಸ್ಕೌಟ್ ಮತ್ತು ಗೈಡ್ ಮಕ್ಕಳ ಶಿಬಿರವನ್ನು ಮನೆಮಂದಿಯನ್ನೂ ಕೂಡಿಸಿಕೊಂಡೇ ನಡೆಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ವಿಷಯ ಕೇಳಿದವರಲ್ಲಿ ಕೆಲವರು ನಕ್ಕರು. "ಇದೇನು ಮಾಷ್ಟ್ರೇ, ಶಿಬಿರವೋ, ಮದುವೆ ದಿಬ್ಬಣವೋ?" ಎಂದರು. ಕುಂಬಳೆ ಆಸುಪಾಸಿನ ಇತರ ಶಾಲೆಗಳ ಅಧ್ಯಾಪಕ ಬಂಧುಗಳಿಗೂ ಪ್ರಯೋಜನವಾದೀತೆಂದು ನಮ್ಮ ಲೆಕ್ಕಾಚಾರವನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ತುಸು ಹಿಂದಿನ ಕಥೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಬೇಡನ್ ಪೊವೆಲ್ 20 ಮಂದಿ ಹುಡುಗರನ್ನು ಡೇರೆಗಳಲ್ಲಿರಿಸಿ ಶಿಬಿರ ನಡೆಸಿದರು. ಸಿರಿವಂತರ ಶಾಲೆಯ ಹುಡುಗರೂ ದುಡಿಯುವವರ ಮಕ್ಕಳೂ ಅಲ್ಲಿ ಒಂದೇ ಗುಂಪಿನಲ್ಲಿ ಬೇಯಿಸಿ ಉಂಡರು. ಆ ಕಾಲದ ಇಂಗ್ಲೆಂಡಿಗೆ ಅದು ಸಣ್ಣ ಮಾತಾಗಿರಲಿಲ್ಲ. ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ಸ್ಕೌಟಿಂಗ್ ಬೆಂಗಳೂರಿಗೆ ಬಂತು. ಆದರೆ ಬಂದದ್ದು ಬಿಳಿಯರ ಮಕ್ಕಳಿಗಾಗಿ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟರು ಭಾರತೀಯ ಮಕ್ಕಳಿಗೆಂದೇ ಬೇರೆ ಸಂಸ್ಥೆ ಕಟ್ಟಿದರು. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಲವು ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಎಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಹೆಣ್ಣುಮಕ್ಕಳ ಗೈಡ್ ಸಂಸ್ಥೆ ಅದರೊಡನೆ ಸೇರಿದ್ದು ಮರುವರ್ಷ ಆಗಸ್ಟ್ 15ರಂದು. 2022ರ ಡಿಸೆಂಬರಿನಲ್ಲಿ ನಮಗೆ ಹತ್ತಿರದ ಮೂಡುಬಿದಿರೆಯಲ್ಲೇ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದುದನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು.

ಈ ಚರಿತ್ರೆಯಲ್ಲೆಲ್ಲ ಮಗು ಮನೆಯಿಂದ ದೂರ ಹೋಗಿ ತನ್ನ ಕಾಲ ಮೇಲೆ ನಿಲ್ಲುವುದೇ ಮುಖ್ಯ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅಮೆರಿಕದಲ್ಲಿ ಮಾತ್ರ ಕಬ್ ವಯಸ್ಸಿನ ಎಳೆಯರ ಶಿಬಿರಕ್ಕೆ ತಂದೆ ತಾಯಿ ಜೊತೆಯಾಗಿಯೇ ಹೋಗುವ ಪದ್ಧತಿಯುಂಟು. ನಮ್ಮವರು ಎಳೆಯರಲ್ಲ, ಹೈಸ್ಕೂಲು ಮಕ್ಕಳು. ಹಾಗಿದ್ದರೂ ಮನೆಮಂದಿ ಏಕೆ ಬೇಕಾಯಿತು?

ಕಾರಣ ಹೆಣ್ಣುಮಕ್ಕಳು. ನಮ್ಮಲ್ಲಿ ಸ್ಕೌಟ್ ಹುಡುಗರು 23, ಗೈಡ್ ಹುಡುಗಿಯರು 14. ಕಳೆದ ವರ್ಷ ಹೊರಗೆ ರಾತ್ರಿ ಉಳಿಯುವ ಶಿಬಿರಕ್ಕೆ 9 ಹುಡುಗಿಯರು ಹೋಗಬೇಕಾಗಿತ್ತು. ಹೋದವರು 3 ಮಂದಿ. ಸೋಪಾನಗಳನ್ನು ಒಂದೊಂದಾಗಿ ಏರಿ ರಾಜ್ಯ ಪುರಸ್ಕಾರದ ತನಕ ಮುಟ್ಟಬೇಕಾದರೆ ಶಿಬಿರವಾಸ ತಪ್ಪದು. ಎಸ್ಸೆಸ್ಸೆಲ್ಸಿಯ ಗ್ರೇಸ್ ಮಾರ್ಕಿನ ಪ್ರಶ್ನೆಯೂ ಇದೆ. ಅದು ಅಂಕದ ಮಾತಾಯಿತು. ಅದಕ್ಕಿಂತ ನಮ್ಮನ್ನು ಕಾಡಿದ್ದು ಬೇರೆ. ಗಂಟು ಹಾಕುವುದರಲ್ಲಿ, ನಕ್ಷೆ ಓದುವುದರಲ್ಲಿ ಇಡೀ ದಳಕ್ಕೆ ಮುಂದಿರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲೇ ಉಳಿದಳು. ನಮ್ಮ ಗೈಡ್ ಕ್ಯಾಪ್ಟನ್ ಟೀಚರೂ ನಾವೂ ಆ ಮನೆಗೆ ಹೋದೆವು. ತಂದೆ ಗಲ್ಫಿನಲ್ಲಿ. ತಾಯಿ ಬಾಗಿಲ ಹಿಂದೆ. ಮಾತನಾಡಿದವರು ಅಜ್ಜಿ. "ಮಾಷ್ಟ್ರೇ, ಹುಡುಗಿ ಶಾಲೆಗೆ ಬರಲಿ, ಆಟಕ್ಕೆ ಬರಲಿ, ಯಾರು ಬೇಡ ಹೇಳಿದ್ದು? ರಾತ್ರಿ ಮಾತ್ರ ನಮ್ಮ ಮಾಡಿನ ಅಡಿಯಲ್ಲೇ ಮಲಗಲಿ." ಟೀಚರು ಬಿಡಲಿಲ್ಲ. "ಹಾಗಾದರೆ ಅಜ್ಜೀ, ನೀವೂ ಬನ್ನಿ. ಅವಳ ಹತ್ತಿರವೇ ಚಾಪೆ ಹಾಕಿಕೊಡುತ್ತೇವೆ" ಎಂದರು. ಅಜ್ಜಿ ನಕ್ಕುಬಿಟ್ಟರು, ಆದರೆ ಇಲ್ಲವೆನ್ನಲಿಲ್ಲ. ಶಿಬಿರದ ಯೋಚನೆ ಹುಟ್ಟಿದ್ದು ಅಲ್ಲಿ.

ಅಜ್ಜಿಯ ಅಂಜಿಕೆಯನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯ ಬಳಿ ಶಾಲಾ ಪ್ರವಾಸದ ಬಸ್ಸು ರಾತ್ರಿ ಹೊತ್ತು ಅಪಘಾತಕ್ಕೀಡಾಗಿ 9 ಮಂದಿ ತೀರಿಕೊಂಡುದನ್ನು ಮನೆಮನೆಯವರೂ ಟಿವಿಯಲ್ಲಿ ನೋಡಿದ್ದಾರೆ. ಒಂದು ರಾತ್ರಿ ತಾವೇ ಜೊತೆಯಲ್ಲಿದ್ದು ಮಕ್ಕಳು ಹೇಗಿರುತ್ತಾರೆಂದು ಕಂಡರೆ ಮುಂದಿನ ಶಿಬಿರಕ್ಕೆ ಧೈರ್ಯದಿಂದ ಕಳುಹಿಸಿಯಾರು. ನಮ್ಮ ಎಣಿಕೆ ಇಷ್ಟೇ.

ದಿನ ನಿಶ್ಚಯಿಸುವುದೇ ಒಂದು ಪಂಚಾಂಗ ಶ್ರವಣ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಸುರಿಯುವ ಊರಿದು. ಅಕ್ಟೋಬರ್, ನವೆಂಬರಿನಲ್ಲಿ ಸಂಜೆಯಾದರೆ ತುಲಾ ಮಾಸದ ಗುಡುಗು ಸಿಡಿಲು. ಜನವರಿ ನಡುವಿಗೆ ಕಣಿಪುರದ ಆಯನ, ಬೆಡಿ. ಆ ದಿನಗಳಲ್ಲಿ ಕುಂಬಳೆಯವರನ್ನು ಇನ್ನೆಲ್ಲಿಗೆ ಕರೆದರೂ ಬರರು. ರಂಜಾನ್ ಉಪವಾಸ ಈಗಿನ ವರ್ಷಗಳಲ್ಲಿ ಫೆಬ್ರವರಿ, ಮಾರ್ಚಿನ ಕಡೆಗೆ ಬಂದಿದೆ. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಬಿಸಿಲು. ಕೊನೆಗೆ ಉಳಿದದ್ದು ಡಿಸೆಂಬರಿನ ಕೊನೆ. ಶುಕ್ರವಾರ ಜುಮಾ ಇರುವುದರಿಂದ ಶನಿವಾರಕ್ಕೆ ಆರಂಭ. ಬೀಡಿ ಕಟ್ಟುವ ತಾಯಂದಿರು ಒಂದು ದಿನದ ಮಜೂರಿ ಬಿಟ್ಟು ಬರಬೇಕಲ್ಲ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ತಡ್ಪೆಯನ್ನೂ ಎಲೆಯನ್ನೂ ಹಿಡಿದುಕೊಂಡೇ ಬನ್ನಿ ಎಂದು ಹೇಳಿದ್ದೇವೆ. ಶಿಬಿರದ ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಸ್ಥಳದ ಕುರಿತು ಚರ್ಚೆ ಬಹಳ ಆಯಿತು. ಹುಡುಗರ ಮತ ಪೊಸಡಿಗುಂಪೆಗೆ. ಸಮುದ್ರಮಟ್ಟದಿಂದ ಸಾವಿರ ಅಡಿಗೆ ಮಿಕ್ಕಿದ ಆ ಗುಡ್ಡದ ತಲೆಯಿಂದ ನೋಟವೇನೋ ಚಂದ. ಆದರೆ ಮೇಲೆ ನೀರಿಲ್ಲ, ಡಿಸೆಂಬರಿನ ಒಣ ಮುಳಿಹುಲ್ಲಿಗೆ ಒಂದು ಕಿಡಿ ಸಾಕು, ಅಜ್ಜಿಯಂದಿರನ್ನು ಹತ್ತಿಸುವುದು ಹೇಗೆ? ಆರಿಕ್ಕಾಡಿ ಕೋಟೆ ಇಕ್ಕೇರಿ ನಾಯಕರ ಕಾಲದ್ದು. ಹಗಲು ನೋಡಿಬರಬಹುದು, ಅಲ್ಲಿ ಒಲೆ ಹೂಡುವುದು ಸಲ್ಲದು. ಕೊಯಿಪಾಡಿಯ ಕಡಲ ತೀರದಲ್ಲಿ ಮರಳಿಗೆ ಗೂಟ ನಿಲ್ಲದು. ಮಕ್ಕಳನ್ನು ನೀರಿನಿಂದ ದೂರವಿಡಲು ರಾತ್ರಿಯೆಲ್ಲ ಕಾವಲು ಬೇಕು. ಅನಂತಪುರದ ಕಡೆಯ ಪಾದೆಗಳಲ್ಲಿ ಬಯಲಿಗೆ ಬರವಿಲ್ಲ, ಆದರೆ ಮುರಕಲ್ಲಿಗೆ ಗೂಟ ಇಳಿಯುವುದಿಲ್ಲ. ಡೇರೆಯ ಹಗ್ಗವನ್ನು ಕಲ್ಲಿಗೇ ಬಿಗಿಯಬೇಕು. ತೆಂಗಿನ ತೋಟ ಕೊಡಲು ಒಬ್ಬರು ಸಿದ್ಧರಿದ್ದರು. ಅವರಿಗೆ ವಂದಿಸಿ ಬೇಡವೆಂದೆವು. ತೆಂಗಿನ ಮರದ ಬುಡದಲ್ಲಿ ಡೇರೆ ಹಾಕಬಾರದೆಂಬುದು ನಮ್ಮೂರ ಮಕ್ಕಳಿಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಮಡಲು ಬೀಳಲು ಗಾಳಿಯೇ ಬೇಕೆಂದಿಲ್ಲ.

ಆರಿಸಿದ್ದು ಶಾಲೆಯ ಹಿಂದಿನ ಗದ್ದೆ. ಏಣೆಲು ಕೊಯ್ಲಾಗಿದೆ, ಸುಗ್ಗಿ ಬೆಳೆ ಇಡುವ ಯೋಚನೆ ಯಜಮಾನರಿಗಿಲ್ಲ. ನೆಲ ಸಮ, ಮಣ್ಣು ಗೂಟಕ್ಕೆ ಹಿತ, ಹತ್ತಿರವೇ ಬಾವಿ. ಶಾಲೆಯ ಶೌಚಾಲಯಗಳು ಇನ್ನೂರು ಹೆಜ್ಜೆಯೊಳಗೆ. 20 ಮಂದಿಗೆ 1 ಶೌಚಾಲಯವಾದರೂ ಬೇಕೆಂಬ ಲೆಕ್ಕದಲ್ಲಿ 80 ಮಂದಿಗೆ 4 ಬೇಕು, ಅಷ್ಟು ಇದೆ. ತಲೆಗೆ ದಿನಕ್ಕೆ 15 ಲೀಟರಿನಂತೆ 1,200 ಲೀಟರು ನೀರು. ಕುಡಿಯುವ ನೀರನ್ನು ಕುದಿಸಿಯೇ ಕೊಡುವುದು. ಹಳದಿ ಕಾಮಾಲೆಯ ಸುದ್ದಿ ಆಗಾಗ ಕೇಳುವ ಈ ದಿನಗಳಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ.

ಮಲಗುವ ವ್ಯವಸ್ಥೆ ಹೀಗೆ: ಮಕ್ಕಳು ಅವರವರ ಪಾಟ್ರೋಲಿನ ಡೇರೆಯಲ್ಲಿ, ನಾಯಕನ ಅಥವಾ ನಾಯಕಿಯ ಹೊಣೆಯಲ್ಲಿ. ಗೈಡ್ ಡೇರೆಗಳ ಮಗ್ಗುಲಲ್ಲೇ ತಾಯಂದಿರಿಗೆ, ಅಜ್ಜಿಯಂದಿರಿಗೆ, ಕೈಗೂಸುಗಳಿಗೆ ಒಂದು ದೊಡ್ಡ ಚಪ್ಪರ. ಇಬ್ಬನಿ ತಾಳಲಾರದವರಿಗೆ ಶಾಲೆಯ ಎರಡು ಕೋಣೆ. ಗಂಡಸರಿಗೆ ಗದ್ದೆಯ ಆಚೆ ಕೊನೆಯಲ್ಲಿ ಟರ್ಪಾಲಿನ ಮಾಡು. ತಂದೆ ಊರಲ್ಲಿಲ್ಲದ ಮನೆಗಳಿಂದ ಸೋದರಮಾವ ಬರಬಹುದು, ಅಣ್ಣ ಬರಬಹುದು. ಯಾರೂ ಬರಲಾಗದ ಮಗುವಿಗೆ ಇನ್ನೊಬ್ಬರ ಮನೆಯವರೇ ಮನೆಯವರು. ಇದನ್ನು ಮೊದಲೇ ಗುಟ್ಟಾಗಿ ಗೊತ್ತುಮಾಡಿ ಇಡಬೇಕು, ಮಗುವಿನ ಎದುರಲ್ಲಿ ಕೇಳಬಾರದು.

ಇನ್ನು ಅಡುಗೆ. ನಮ್ಮ ದೊಡ್ಡ ಭಯ ಹಾವಿನದ್ದಲ್ಲ, ತಾಯಂದಿರದ್ದು! ಮಗನ ಕಣ್ಣಿಗೆ ಹೊಗೆ ಹೋಗುವುದನ್ನು ನೋಡುತ್ತ ಕುಳಿತಿರುವ ತಾಯಿ ಲೋಕದಲ್ಲಿಲ್ಲ. "ಸರಿ ಮಗಾ, ನೀನು ಏಳು" ಎಂದು ಒಮ್ಮೆ ಅವರು ಸೌಟು ಹಿಡಿದರೆಂದರೆ ಶಿಬಿರ ಅಲ್ಲಿಗೆ ಮುಗಿಯಿತು. ಆದುದರಿಂದ ಪ್ರತಿ ಪಾಟ್ರೋಲಿನ ಒಲೆಯ ಸುತ್ತ ಒಂದು ಹಗ್ಗ ಕಟ್ಟುವುದು. ನಾಯಕನ ಅಪ್ಪಣೆಯಿಲ್ಲದೆ ಹಿರಿಯರು ಯಾರೂ, ಹೆಡ್‌ಮಾಸ್ಟರೂ ಸೇರಿ, ಅದನ್ನು ದಾಟುವಂತಿಲ್ಲ. ಕತ್ತಿ ಹಿಡಿಯುವಲ್ಲಿ, ಬಿಸಿ ಪಾತ್ರೆ ಇಳಿಸುವಲ್ಲಿ ನಾವು ಅಧ್ಯಾಪಕರು ಇರುತ್ತೇವೆ. ಮಕ್ಕಳು ಬೇಯಿಸಿದ್ದನ್ನೇ ಹಿರಿಯರು ಉಣ್ಣುವುದು, ತಳ ಹಿಡಿದಿದ್ದರೂ.

ಊಟ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಚಟ್ನಿ, ಉಪ್ಪಿನಕಾಯಿ. ತಲೆಗೆ 125 ಗ್ರಾಮಿನಂತೆ 80 ಮಂದಿಗೆ 10 ಕಿಲೋ ಅಕ್ಕಿ. ಕುಚ್ಚಲಕ್ಕಿ ಬೇಗ ಬೇಯುವ ಜಾತಿಯಲ್ಲ. ಐದು ಗಂಟೆಗೆ ಒಲೆ ಹೊತ್ತಿಸಿದರೇನೇ ಎಂಟರೊಳಗೆ ಎಲೆ ಹಾಕಬಹುದು. ಬೆಳಗ್ಗೆ ಅವಲಕ್ಕಿ, ಬಾಳೆಹಣ್ಣು. ಒಲೆಯ ಕೆಲಸವೇ ಇಲ್ಲ. ಮೀನಿಲ್ಲದೆ ಎಂಥ ಊಟವೆಂದು ಒಬ್ಬ ತಂದೆ ಬೇಸರಪಟ್ಟರು. ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲೆ ಹಾಕಿದವರಿದ್ದಾರೆ, ಭಟ್ಟರ ಮನೆಯವರಿದ್ದಾರೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯದನ್ನು ಉಣ್ಣಬೇಕಾದರೆ ಗಂಜಿಯೇ ದಾರಿ. ಆದಿತ್ಯವಾರ ಮಧ್ಯಾಹ್ನ ಮನೆಗೆ ಹೋಗಿ ಮೀನು ತಿನ್ನಲು ಯಾರ ತಕರಾರೂ ಇಲ್ಲ. ಹಣ ಸಂಗ್ರಹವಿಲ್ಲ. ಹೊರೆಕಾಣಿಕೆಯ ಕ್ರಮದಲ್ಲಿ ಆದವರು ಅಕ್ಕಿ, ತೆಂಗಿನಕಾಯಿ ತರಲಿ. ಆಗದವರು ಬಾಳೆಲೆ ತರಲಿ, ಒಂದು ಹೊರೆ ಸೌದೆ ತರಲಿ. ಯಾರು ಏನು ತಂದರೆಂದು ಬರೆದಿಡುವ ಪುಸ್ತಕ ಇರುವುದಿಲ್ಲ.

ಹಾವಿನ ಮಾತು ಬಂತು, ಹೇಳಿಬಿಡುತ್ತೇವೆ. ಕೊಯ್ದ ಗದ್ದೆಯಲ್ಲಿ ಇಲಿ, ಇಲಿಯ ಬೆನ್ನಿಗೆ ಹಾವು. ಆದ್ದರಿಂದ ಡೇರೆಗಳು ಹುಣಿಯಿಂದ, ಬೈಹುಲ್ಲಿನ ರಾಶಿಯಿಂದ ದೂರ, ಗದ್ದೆಯ ನಡುವೆ. ಕಟ್ಟುಹಾವು ರಾತ್ರಿ ಸಂಚಾರಿ, ನೆಲದಲ್ಲಿ ಮಲಗಿದವರನ್ನು ಕಚ್ಚುವುದೇ ಹೆಚ್ಚು, ಕಚ್ಚಿದ್ದು ಕೆಲವೊಮ್ಮೆ ತಿಳಿಯುವುದೂ ಇಲ್ಲ. ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗುವುದು, ಟಾರ್ಚಿಲ್ಲದೆ ಹೆಜ್ಜೆಯಿಡದಿರುವುದು. ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿದು ಕಟ್ಟಬಾರದು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆಯೆಂದು ಶಿಬಿರದ ಹಿಂದಿನ ದಿನವೇ ವಿಚಾರಿಸಿಡಬೇಕು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ದಾರಿ ಕಡಿದ ಮೇಲಂತೂ, ಆಸ್ಪತ್ರೆ ಹತ್ತಿರವಿದೆಯೆಂದು ಸುಮ್ಮನಿರುವ ಧೈರ್ಯ ಈ ಕಡೆಯವರಿಗಿಲ್ಲ. ಒಂದು ವಾಹನ ಮತ್ತು ಎಚ್ಚರವಿರುವ ಒಬ್ಬ ಚಾಲಕ ರಾತ್ರಿಯಿಡೀ ಅಲ್ಲೇ.

ಶಿಬಿರಾಗ್ನಿ ಏಳೂವರೆಗೆ ಆರಂಭವಾಗಿ, ನಡುವೆ ಊಟಕ್ಕೆ ನಿಂತು, ಒಂಬತ್ತೂವರೆಗೆ ಮುಕ್ತಾಯ. ಮೈಕಿಲ್ಲ. ಟಿ.ಸಿ.ಎಚ್. ಓದುವಾಗ ನಮಗಾಗಿದ್ದ ಶಿಬಿರದಲ್ಲಿ ಭಾಷಣ ಮಾಡಿದವರು ಯಾರೆಂದು ಈಗ ನೆನಪಿಲ್ಲ, ಬೆಂಕಿಯ ಸುತ್ತ ಕೂತು ಹಾಡಿದವರು ನೆನಪಿದ್ದಾರೆ. ಹಾಗಾಗಿ ಭಾಷಣವೂ ಇಲ್ಲ. ಪಾರ್ತಿಸುಬ್ಬನ ಊರಿನಲ್ಲಿ ಭಾಗವತಿಕೆ ಬಲ್ಲ ಅಜ್ಜಂದಿರಿಗೆ ಕೊರತೆಯಿಲ್ಲ. ದಫ್ ಬಾರಿಸುವ ಅಣ್ಣಂದಿರಿದ್ದಾರೆ. ನಮ್ಮ ಮಕ್ಕಳಿಗೆ ಆಜ್ಞೆ ಹಿಂದಿಯಲ್ಲಿ, ಸುತ್ತೋಲೆ ಮಲಯಾಳದಲ್ಲಿ, ಪಾಠ ಕನ್ನಡದಲ್ಲಿ, ಜಗಳ ತುಳುವಿನಲ್ಲಿ. ಅಂದು ರಾತ್ರಿ ಅವರವರ ಮನೆಮಾತಿನ ಹಾಡುಗಳನ್ನು ಅವರವರ ಮನೆಯವರೇ ಹಾಡಲಿ.

ಒಪ್ಪಿಗೆ ಚೀಟಿಯನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆದು ಕಳುಹಿಸಿದ್ದೇವೆ. ಓದಲು ಬಾರದ ಹಿರಿಯರಿಗೆ ಮಕ್ಕಳೇ ಓದಿ ಹೇಳಬೇಕೆಂದು ತಾಕೀತು. ತರಬೇಕಾದದ್ದು ಚಾಪೆ, ಹೊದಿಕೆ, ಟಾರ್ಚು, ತಟ್ಟೆ, ಲೋಟ, ನಿತ್ಯ ತೆಗೆದುಕೊಳ್ಳುವ ಮಾತ್ರೆಗಳು. ಇದುವರೆಗೆ 37ರಲ್ಲಿ 26 ಚೀಟಿಗಳು ಹಿಂದೆ ಬಂದಿವೆ. ಗೈಡ್ ಮಕ್ಕಳದ್ದು 14ರಲ್ಲಿ 11. ಅವುಗಳಲ್ಲೊಂದರಲ್ಲಿ 'ಬರುವವರ ಸಂಖ್ಯೆ' ಎಂಬಲ್ಲಿ 9 ಎಂದು ಬರೆದಿದೆ. ಅಕ್ಕಿಯ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕಾಗಿದೆ.