ಲಕ್ಯಾ: ಗಣಿಯ ಕೆಸರು ಹಿಡಿದ ಕೆರೆ

ರಜೆಯಲ್ಲಿ ಊರಿಗೆ ಹೋದಾಗ ಕಳಸ, ಹೊರನಾಡುಗಳ ಯಾತ್ರೆ ಮಾಡುವವರು ನಮ್ಮಲ್ಲಿ ಅನೇಕರುಂಟು. ಅಲ್ಲಿಗೆ ಸಮೀಪದ ಕುದುರೆಮುಖದ ಕಾಡಿನಲ್ಲಿ ಲಕ್ಯಾ ಜಲಾಶಯವಿದೆ. ನಮ್ಮ ಸಾತಪುರದ ಬಳಿಯ ಗಂಗಾಪುರ ಅಣೆಕಟ್ಟಿನಂತೆ ಇದರದೂ ಮಣ್ಣಿನ ಏರಿಯೇ. ಆದರೆ ಗಂಗಾಪುರದಲ್ಲಿ ಬೆಳೆಗೂ ಕುಡಿಯಲಿಕ್ಕೂ ಗೋದಾವರಿಯ ನೀರನ್ನು ಹಿಡಿದಿಟ್ಟಿದ್ದಾರೆ; ಲಕ್ಯಾದಲ್ಲಿ ಹಿಡಿದಿಟ್ಟಿರುವುದು ಗಣಿಯ ಕೆಸರನ್ನು.

ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದುದರಿಂದ 1976ರಲ್ಲಿ ಸ್ಥಾಪಿತವಾದ ಸರಕಾರಿ ಕಂಪನಿಯು ಅದನ್ನು ನುಣ್ಣಗೆ ಅರೆದು, ಕಬ್ಬಿಣವುಳ್ಳ ಪುಡಿಯನ್ನು ಬೇರ್ಪಡಿಸಿ, ನೀರಿನೊಡನೆ ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಉಳಿದ ರಾಡಿಯನ್ನು ಲಕ್ಯಾಕ್ಕೆ ಬಿಡುತ್ತಿದ್ದರು. ಅಲ್ಲಿ ಹುಡಿ ತಳಕ್ಕಿಳಿದು, ತಿಳಿನೀರು ಮೇಲುಳಿಯುತ್ತಿತ್ತು. ಹಾಗಿದ್ದರೂ ಮಳೆಗಾಲದಲ್ಲಿ ತೆರೆದ ಗಣಿಯ ಮಣ್ಣು ಕೊಚ್ಚಿಕೊಂಡು ಹೋಗಿ ಭದ್ರಾ ನದಿಯನ್ನು ಸೇರುತ್ತಿತ್ತು.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ದುಡಿಯುತ್ತಿದ್ದವರು ಬೇರೆ ಊರುಗಳಿಗೆ ಚದುರಿದರು; ಕೆಸರು ಮಾತ್ರ ಅಲ್ಲಿಯೇ ಇದೆ. ಗಣಿ ಮುಚ್ಚಿದರೂ ಏರಿಯ ಕಾವಲು ತಪ್ಪುವಂತಿಲ್ಲ.

ಸುತ್ತಲೂ ರಾಷ್ಟ್ರೀಯ ಉದ್ಯಾನ. ಹೋಗಬಯಸುವವರು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ ಹೋಗಬೇಕು. ದೂರದಿಂದ ನೋಡಬಹುದು, ನೀರಿಗೆ ಇಳಿಯಕೂಡದು. ಮೇಲೆ ಎಷ್ಟೇ ತಿಳಿಯಾಗಿ ಕಂಡರೂ ಕಾಲಡಿಯಲ್ಲಿರುವುದು ಮೆತ್ತನೆಯ ಕೆಸರು.