ಊಹಾತ್ಮಕ ಬಹುಎಳೆ ಸಂಸ್ಕರಣೆ

ಊಹಾತ್ಮಕ ಬಹುಎಳೆ ಸಂಸ್ಕರಣೆ ಎಂಬುದು ಒಂದೇ ಪ್ರೋಗ್ರಾಂ ಅನ್ನು ಹಲವು ತುಂಡುಗಳಾಗಿ ಒಡೆದು, ಅವು ಪರಸ್ಪರ ಅವಲಂಬಿತವಾಗಿಲ್ಲವೆಂದು ಊಹಿಸಿ, ಬಹುಕೋರ್ ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಲ್ಲಿ ಏಕಕಾಲಕ್ಕೆ ನಡೆಸುವ ವಿಧಾನವಾಗಿದೆ. ಹೀಗೆ ನಡೆಯುವ ಒಂದೊಂದು ತುಂಡನ್ನೂ ಎಳೆ ಅಥವಾ ಥ್ರೆಡ್ ಎನ್ನುತ್ತಾರೆ. ಊಹೆ ತಪ್ಪಾದರೆ ಆ ಎಳೆಯ ಫಲಿತಾಂಶವನ್ನು ರದ್ದುಪಡಿಸಿ ಮತ್ತೆ ನಡೆಸಲಾಗುತ್ತದೆ.

ಹಿನ್ನೆಲೆ

2004ರ ಸುಮಾರಿಗೆ ಪ್ರೊಸೆಸರುಗಳ ವೇಗ 4 ಗಿಗಾಹರ್ಟ್ಸ್ ಸಮೀಪಿಸಿತು. ಬಿಡುಗಡೆಯಾಗುವ ಶಾಖದಿಂದಾಗಿ ಅದನ್ನು ಮೊದಲಿನಂತೆ ಏರಿಸುತ್ತಾ ಹೋಗುವುದು ಕಷ್ಟವಾಯಿತು. ತಯಾರಕರು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಕೂಡಿಸತೊಡಗಿದರು. ಆದರೆ ಹಂತಹಂತವಾಗಿ ನಡೆಯುವಂತೆ ಬರೆದ ಹಳೆಯ ಪ್ರೋಗ್ರಾಂ ಒಂದು ಕೋರನ್ನು ಮಾತ್ರ ಬಳಸುತ್ತದೆ. ಉಳಿದವು ಅದಕ್ಕೆ ನೆರವಾಗುವುದಿಲ್ಲ. ಕಂಪೈಲರ್ ತಾನಾಗಿ ಅದನ್ನು ಹಂಚಬೇಕಾದರೆ ತುಂಡುಗಳು ಸ್ವತಂತ್ರವೆಂಬುದನ್ನು ಮೊದಲೇ ಸಾಧಿಸಿ ತೋರಿಸಬೇಕು. ಅನೇಕ ವೇಳೆ ಆ ಸಂಗತಿ ಪ್ರೋಗ್ರಾಂ ನಡೆಯುವವರೆಗೆ ತಿಳಿಯುವುದೇ ಇಲ್ಲ.

ಒಂದು ಉದಾಹರಣೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಇಂಥ ಸೀಮೆಯ ಕೆರೆಗಳ ಸರಣಿಯಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಹನ್ನೆರಡು ಕೆರೆಗಳ ನೀರಿನ ಲೆಕ್ಕವನ್ನು ಗಣಕದಿಂದ ಮಾಡಿಸಬೇಕಾಗಿದೆ ಎಂದು ಭಾವಿಸಬಹುದು. ಮೇಲಿನ ಕೆರೆಯ ಲೆಕ್ಕ ಮುಗಿಯದೆ ಕೆಳಗಿನದನ್ನು ಆರಂಭಿಸುವಂತಿಲ್ಲ. ಆದರೆ ಮಳೆ ಕಡಿಮೆಯಾದ ವರ್ಷ ಕೋಡಿ ಬೀಳುವುದು ಅಪರೂಪ. ಆದ್ದರಿಂದ ‘ಮೇಲಿನಿಂದ ನೀರು ಬಂದಿಲ್ಲ’ ಎಂದು ಊಹಿಸಿ ನಾಲ್ಕು ಕೋರ್‌ಗಳು ನಾಲ್ಕು ಕೆರೆಗಳ ಲೆಕ್ಕವನ್ನು ಒಟ್ಟಿಗೆ ಆರಂಭಿಸಬಹುದು. ಊಹೆಗಳೆಲ್ಲ ನಿಜವಾದರೆ ಕೆಲಸ ಹೆಚ್ಚುಕಡಿಮೆ ಕಾಲುಭಾಗ ಸಮಯದಲ್ಲಿ ಮುಗಿಯುತ್ತದೆ. ಮೂರನೆಯ ಕೆರೆ ಕೋಡಿ ಬಿದ್ದದ್ದು ಕಂಡುಬಂದರೆ ನಾಲ್ಕನೆಯದರ ಲೆಕ್ಕ ರದ್ದಾಗುತ್ತದೆ. ಸರಳ ವ್ಯವಸ್ಥೆಗಳಲ್ಲಿ ಅದರ ಮುಂದೆ ಆರಂಭವಾಗಿದ್ದ ಲೆಕ್ಕಗಳೂ ರದ್ದಾಗುತ್ತವೆ. ಬರಗಾಲದ ಲೆಕ್ಕ ಬೇಗ ಮುಗಿದು, ಎಲ್ಲ ಕೆರೆಗಳೂ ತುಂಬಿದ ವರ್ಷದ ಲೆಕ್ಕ ತಡವಾಗುವುದು ವಿಚಿತ್ರವೆನಿಸಿದರೂ ಈ ವಿಧಾನದ ಸ್ವಭಾವವೇ ಅದು.

ಕಾರ್ಯವಿಧಾನ

ಮೊದಲ ಎಳೆ ಮಾತ್ರ ಖಚಿತವಾದುದು, ಉಳಿದವು ಊಹಾತ್ಮಕ. ಊಹಾತ್ಮಕ ಎಳೆ ಬರೆಯುವ ಮೌಲ್ಯಗಳು ನೇರವಾಗಿ ಮುಖ್ಯ ಮೆಮೊರಿಗೆ ಹೋಗದೆ ಪ್ರತ್ಯೇಕ ತಾತ್ಕಾಲಿಕ ಸಂಗ್ರಹದಲ್ಲಿ ಉಳಿಯುತ್ತವೆ. ಅದು ಯಾವ ಯಾವ ವಿಳಾಸಗಳಿಂದ ಓದಿದೆ ಎಂಬುದೂ ದಾಖಲಾಗುತ್ತದೆ. ಹಿಂದಿನ ಎಳೆಯೊಂದು ಆಮೇಲೆ ಅದೇ ವಿಳಾಸಕ್ಕೆ ಬರೆದರೆ, ಮುಂದಿನ ಎಳೆ ಹಳೆಯ ಮೌಲ್ಯವನ್ನು ಓದಿದೆ ಎಂದಾಯಿತು. ಆಗ ಅದರ ತಾತ್ಕಾಲಿಕ ಸಂಗ್ರಹವನ್ನು ಅಳಿಸಿ ಮರಳಿ ಆರಂಭಿಸಲಾಗುತ್ತದೆ. ತಪ್ಪು ಕಾಣದಿದ್ದರೆ ಎಳೆಗಳು ಮೂಲ ಪ್ರೋಗ್ರಾಂನ ಕ್ರಮದಲ್ಲೇ, ಒಂದಾದ ಮೇಲೊಂದರಂತೆ, ತಮ್ಮ ಫಲಿತಾಂಶವನ್ನು ಮೆಮೊರಿಗೆ ಒಪ್ಪಿಸುತ್ತವೆ. ಆದುದರಿಂದ ಕೊನೆಯ ಉತ್ತರ ಒಂದೇ ಕೋರಿನಲ್ಲಿ ನಡೆಸಿದಾಗ ಬರುವುದಕ್ಕಿಂತ ಬೇರೆಯಾಗುವುದಿಲ್ಲ.

ಇತಿಹಾಸ

1986ರಲ್ಲಿ ಟಾಮ್ ನೈಟ್ ಇದಕ್ಕೆ ಸಮೀಪವಾದ ಯಂತ್ರರಚನೆಯೊಂದನ್ನು ಸೂಚಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗುರಿಂದರ್ ಸೋಹಿ, ಸ್ಕಾಟ್ ಬ್ರೀಚ್ ಮತ್ತು ಟಿ. ಎನ್. ವಿಜಯಕುಮಾರ್ 1995ರಲ್ಲಿ ಪ್ರಕಟಿಸಿದ ಮಲ್ಟಿಸ್ಕೇಲರ್ ಪ್ರಬಂಧ ಈ ಕ್ಷೇತ್ರದ ಮುಖ್ಯ ಆಧಾರಗಳಲ್ಲೊಂದು. ಅದೇ ವರ್ಷ ರೌಚ್‌ವರ್ಗರ್ ಮತ್ತು ಪಡುವಾ ತಂತ್ರಾಂಶದ ಮೂಲಕವೇ ಇಂಥ ಪರೀಕ್ಷೆ ನಡೆಸುವ ದಾರಿ ತೋರಿಸಿದರು. ಸ್ಟ್ಯಾನ್‌ಫರ್ಡಿನ ಹೈಡ್ರಾ, ಕಾರ್ನೆಗಿ ಮೆಲನ್ನಿನ ಸ್ಟ್ಯಾಂಪೀಡ್ ಯೋಜನೆಗಳು ಬಳಿಕ ಬಂದವು.

ಮಿತಿಗಳು

ರದ್ದಾದ ಕೆಲಸಕ್ಕೆ ವ್ಯಯವಾದ ವಿದ್ಯುತ್ತು ವ್ಯರ್ಥವೇ. ಎಳೆಗಳು ತೀರ ಚಿಕ್ಕದಾದರೆ ಆರಂಭಿಸುವ ಖರ್ಚೇ ಲಾಭವನ್ನು ನುಂಗುತ್ತದೆ. ತೀರ ದೊಡ್ಡದಾದರೆ ತಾತ್ಕಾಲಿಕ ಸಂಗ್ರಹ ಸಾಲದಾಗುತ್ತದೆ. ಸಂಶೋಧನಾ ಪ್ರಬಂಧಗಳು ಹೇರಳವಾಗಿದ್ದರೂ ಮಾರುಕಟ್ಟೆಯ ಯಂತ್ರಗಳಲ್ಲಿ ಈ ವಿಧಾನ ವಿರಳ. ಇದೇ ಜಾತಿಯ ಊಹೆಯನ್ನು ನೆಚ್ಚಿದ್ದ ಸನ್ ಸಂಸ್ಥೆಯ ರಾಕ್ ಪ್ರೊಸೆಸರ್ ಮಾರಾಟಕ್ಕೆ ಬರುವ ಮೊದಲೇ ನಿಂತುಹೋಯಿತು. ಐಬಿಎಂನ ಬ್ಲೂ ಜೀನ್/ಕ್ಯೂ ಸೂಪರ್ ಕಂಪ್ಯೂಟರಿನ ಚಿಪ್ಪಿನಲ್ಲಿ ಮಾತ್ರ ಒಂದೇ ವಿಳಾಸದ ಹಲವು ಆವೃತ್ತಿಗಳನ್ನು ಕಾಯ್ದಿರಿಸಬಲ್ಲ ಎರಡನೆಯ ಹಂತದ ಕ್ಯಾಶ್ ಇದ್ದು, ಊಹಾತ್ಮಕ ಎಳೆಗಳಿಗೆ ಯಂತ್ರಾಂಶದಲ್ಲೇ ಆಸರೆ ದೊರೆತಿತ್ತು.