ಅಲ್ಲಿ ಸ್ಟ್ರಾಂಗ್, ಇಲ್ಲಿ ಮೈಲ್ಡ್

ಬೆಂಗಳೂರಿನ ಬಾರ್‌ನಲ್ಲಿ ಬಿಯರ್ ಕೇಳಿದರೆ ಸಪ್ಲೈಯರ್‌ನ ಮರುಪ್ರಶ್ನೆ ಒಂದೇ: ‘ಸ್ಟ್ರಾಂಗಾ, ಮೈಲ್ಡಾ?’ ಭಾರತದ ನಿಯಮದಂತೆ ಮದ್ಯಾಂಶ ಶೇ 5ರವರೆಗಿದ್ದರೆ ಮೈಲ್ಡ್, ಅದನ್ನು ಮೀರಿ ಶೇ 8ರವರೆಗೆ ಸ್ಟ್ರಾಂಗ್. ಶೇ 5ರ ಅದೇ ಮೈಲ್ಡ್ ಬಾಟಲಿ ಸ್ಟಾಕ್‌ಹೋಮ್ ತಲುಪಿದರೆ ಸ್ಟ್ರಾಂಗ್ ಗುಂಪಿಗೆ ಸೇರುತ್ತದೆ. ಸ್ವೀಡನ್ನಿನಲ್ಲಿ ಶೇ 3.5 ದಾಟಿದ್ದೆಲ್ಲ ‘ಸ್ಟಾರ್ಕೋಲ್’, ಅಂದರೆ ಸ್ಟ್ರಾಂಗ್ ಬಿಯರ್.

ಅಲ್ಲಿನ ಸಾಧಾರಣ ಬಾರ್‌ಗಳ ಬಾಗಿಲ ಬೋರ್ಡಿನಲ್ಲಿ ಸೀಮೆಸುಣ್ಣದ ಬರಹವೊಂದು ಕಾಣುತ್ತದೆ: ‘ಸ್ಟೂರ್ ಸ್ಟಾರ್ಕ್’. ಪಕ್ಕದಲ್ಲಿ ಬೆಲೆ, ಅದರ ಮುಂದೆ ಎರಡು ಚುಕ್ಕಿ, ಒಂದು ಗೀಟು. ‘ದೊಡ್ಡದು, ಸ್ಟ್ರಾಂಗು’ ಎಂದಷ್ಟೇ ಅದರ ಅರ್ಥ. ಬ್ರ್ಯಾಂಡಿನ ಹೆಸರೇ ಇಲ್ಲ. ನಲ್ಲಿಯಲ್ಲಿ ಬರುವ ಅಗ್ಗದ ಲಾಗರ್ ಯಾವುದೋ ಅದನ್ನೇ ಸಾಮಾನ್ಯವಾಗಿ 400 ಮಿಲಿ ಲೀಟರಿನ ಗ್ಲಾಸಿಗೆ ತುಂಬಿ ಕೊಡುತ್ತಾರೆ. ಯಾವ ಬಾರ್ ಅಗ್ಗ, ಯಾವುದು ದುಬಾರಿ ಎಂದು ಜನ ಅಳೆಯುವುದೂ ಈ ಒಂದು ಬೆಲೆಯಿಂದಲೇ.

ಹೀಗೆ ರುಚಿಯನ್ನಾಗಲಿ ಕಂಪನಿಯನ್ನಾಗಲಿ ನೋಡದೆ ಮದ್ಯಾಂಶದಿಂದಲೇ ಬಿಯರನ್ನು ಗುರುತಿಸುವ ರೂಢಿಯನ್ನು ಬೆಳೆಸಿದ್ದು ಕಾನೂನು.

1914ರಲ್ಲಿ ವೈದ್ಯ ಇವಾನ್ ಬ್ರಾಟ್ ಅವರ ಯೋಜನೆಯಂತೆ ಸ್ಟಾಕ್‌ಹೋಮ್‌ನಲ್ಲಿ ‘ಮೂಟ್‌ಬೂಕ್’ ಎಂಬ ಮದ್ಯದ ರೇಷನ್ ಪುಸ್ತಕ ಬಂತು. ಮುಂದೆ ಅದು ದೇಶಕ್ಕೆಲ್ಲ ಹರಡಿತು. ಕೊಂಡ ಮದ್ಯದ ಲೆಕ್ಕವೆಲ್ಲ ಅದರಲ್ಲಿ ದಾಖಲು. ಗಂಡನ ಹೆಸರಲ್ಲಿ ಪುಸ್ತಕವಿದ್ದರೆ ಹೆಂಡತಿಗೆ ಬೇರೆ ಸಿಗುತ್ತಿರಲಿಲ್ಲ. 1922ರ ಆಗಸ್ಟ್ 27ರಂದು ಪೂರ್ಣ ಪಾನನಿಷೇಧದ ಬಗ್ಗೆ ಜನಮತ ಕೇಳಿದಾಗ ಬೇಡ ಎಂದವರು ಶೇ 51, ಬೇಕು ಎಂದವರು ಶೇ 49. ನಿಷೇಧ ಕೂದಲೆಳೆಯಲ್ಲಿ ತಪ್ಪಿತು. ಸ್ಟ್ರಾಂಗ್ ಬಿಯರ್‌ಗೆ ಮಾತ್ರ ಆ ಅದೃಷ್ಟವಿರಲಿಲ್ಲ. 1920ರ ದಶಕದಿಂದ ಮೂರು ದಶಕ ಅದು ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ, ಅದೂ ಡಾಕ್ಟರ ಚೀಟಿ ತೋರಿಸಿದರೆ!

1955ರ ಅಕ್ಟೋಬರ್ 1ರಂದು ರೇಷನ್ ಪುಸ್ತಕ ರದ್ದಾಯಿತು. ಸ್ಟ್ರಾಂಗ್ ಬಿಯರ್ ಸರ್ಕಾರಿ ಮದ್ಯದಂಗಡಿ ‘ಸಿಸ್ಟೆಮ್‌ಬೊಲಾಗೆಟ್‌’ಗೆ ಬಂತು. ಹತ್ತು ವರ್ಷದ ನಂತರ, 1965ರಲ್ಲಿ, ಇನ್ನೊಂದು ಪ್ರಯೋಗ: ಶೇ 4.5ರ ಆಸುಪಾಸಿನ ‘ಮೆಲ್ಲನೋಲ್’ ಎಂಬ ಮಧ್ಯಮ ಬಿಯರನ್ನು ದಿನಸಿ ಅಂಗಡಿಯಲ್ಲೇ ಮಾರಲು ಬಿಟ್ಟರು. 1967ರ ನವೆಂಬರಿನಲ್ಲಿ ಎರಡು ಪ್ರಾಂತ್ಯಗಳಲ್ಲಿ ಸ್ಟ್ರಾಂಗ್ ಬಿಯರ್‌ಗೂ ಇದೇ ಸ್ವಾತಂತ್ರ್ಯ ಸಿಕ್ಕಿತು. ಹುಡುಗರ ಕುಡಿತ ವಿಪರೀತವಾದ್ದರಿಂದ ಅವಧಿ ಮುಗಿಯುವ ಮುನ್ನವೇ, 1968ರ ಜುಲೈನಲ್ಲಿ, ಆ ಪ್ರಯೋಗ ನಿಂತಿತು. ಮೆಲ್ಲನೋಲ್ ಮೇಲೂ ಅದೇ ದೂರು. 1977ರ ಜುಲೈ 1ರಿಂದ ಅದೂ ದಿನಸಿ ಅಂಗಡಿಯಿಂದ ಮಾಯ.

ಉಳಿದದ್ದು ಮೂರು ವರ್ಗ. ಶೇ 2.25ರವರೆಗಿನದು ಲೆಟ್ಟೋಲ್, ಶೇ 3.5ರವರೆಗಿನದು ಫೋಲ್ಕೋಲ್, ಅದರಾಚೆ ಸ್ಟಾರ್ಕೋಲ್. ತೆರಿಗೆಯ ಗೆರೆ ಮಾತ್ರ ಬೇರೆ ಕಡೆ ಇದೆ. ಶೇ 2.8ರವರೆಗಿನ ಬಿಯರ್‌ಗೆ ಮದ್ಯ ತೆರಿಗೆಯೇ ಇಲ್ಲ. ಅದಕ್ಕಿಂತ ಹೆಚ್ಚಾದರೆ ಮದ್ಯಾಂಶ ಏರಿದಂತೆ ತೆರಿಗೆಯೂ ಏರುತ್ತದೆ. ಅಲ್ಲಿನ ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ‘2.8’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಕ್ಯಾನ್‌ಗಳು ಸಾಲುಗಟ್ಟಿರುವುದಕ್ಕೆ ಇದೇ ಕಾರಣ.

ಬಾರ್ ಮಾಲೀಕ ತೀರಾ ಅಗ್ಗಕ್ಕೆ ಮಾರುವಂತೆಯೂ ಇಲ್ಲ: ಕೊಂಡ ಬೆಲೆಯ ಮೇಲೆ ನ್ಯಾಯವಾದ ಲಾಭಾಂಶ ಇಟ್ಟೇ ಮಾರಬೇಕೆಂದು ಕಾನೂನು ಹೇಳುತ್ತದೆ.

ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋಗುವ ಕನ್ನಡದ ಹುಡುಗರು ಇಷ್ಟು ನೆನಪಿಡಲಿ: 18 ತುಂಬಿದವರಿಗೆ ಬಾರ್‌ನಲ್ಲಿ ಸ್ಟೂರ್ ಸ್ಟಾರ್ಕ್ ಸಿಗುತ್ತದೆ, ಅದೇ ಬಿಯರನ್ನು ಸಿಸ್ಟೆಮ್‌ಬೊಲಾಗೆಟ್‌ನಲ್ಲಿ ಕೊಳ್ಳಲು 20 ತುಂಬಿರಬೇಕು. ಭಾನುವಾರ ಆ ಅಂಗಡಿಗೆ ಬೀಗ.